ಮೇಕಪ್ ಹಚ್ಚಿದ ಕಾಂಕ್ರೀಟು

ಮಾರ್ಚ್ 3

ಮತ್ತೆ ಅದೇ ಲ್ಯಾಬು, ಅದೇ ಯಂತ್ರ, ಅದೇ ಧೂಳು. ಆದರೆ ಇಂದು ಒತ್ತಿ ಒಡೆದು ಬಲ ನೋಡಬೇಕಾದದ್ದು ಭಾವನ ಸೈಟಿನಿಂದ ಬಂದ ಮಾದರಿ ಕ್ಯೂಬುಗಳು! ಕೆಡವಿದ ಹಳೇ ಕಟ್ಟಡವನ್ನೇ ಚೂರುಮಾಡಿ, ಜಲ್ಲಿಯ ಬದಲು ಹಾಕಿದ ಕಾಂಕ್ರೀಟು. ಎಲ್ಲರೂ ನಕ್ಕಿದ್ದರು. ಒತ್ತಿದೆ... ಒತ್ತಿದೆ... ಸಿಡಿಯಲೊಲ್ಲದು. ಹೊಸ ಜಲ್ಲಿಯದನ್ನೂ ಮೀರಿಸಿ ನಿಂತಿತು, ಮಹಾರಾಜನ ಹಾಗೆ! ಫೋನು ಮಾಡಿದೆ. ಆ ಕಡೆ ಅಕ್ಕ ಖುಷಿಗೆ ಅತ್ತೇಬಿಟ್ಟಳು. ಅವಳ ಶಿಶುವಿಹಾರ ನಡೆಯಬೇಕಾದದ್ದು ಇದೇ ಕಾಂಕ್ರೀಟಿನಿಂದ ಭಾವ ಹಾಕಿಸಿದ ಸ್ಲ್ಯಾಬಿನ ಮೇಲೆ, ಮೊದಲ ಮಹಡಿಯಲ್ಲಿ.

ಮಾರ್ಚ್ 7

ಸೈಟಿಗೆ ಹೋಗಿದ್ದೆ. ಸುಮ್ಮನೆ, ಖುಷಿಗೆ. ಸ್ಲ್ಯಾಬಿಗೆ ಸುತ್ತಿಗೆ ಬಡಿದು ನೋಡಿದೆ. ಅಂಚಿನಲ್ಲಿ ಠಣ್. ನಡುವೆ — ಡಬ್, ಒಳಗೆ ಪೊಳ್ಳಿರುವ ಹಾಗೆ. ಮತ್ತೆ ಬಡಿದೆ. ಡಬ್ಬೇ. ಕ್ಯೂಬು ಸುಳ್ಳೋ, ಸುತ್ತಿಗೆ ಸುಳ್ಳೋ, ನನ್ನ ಕಿವಿಯೇ ಸುಳ್ಳೋ? ಭಾವ ಮುಖ ಊದಿಸಿಕೊಂಡರು.

"ಪಾಸ್ ಅಂದೋನೂ ನೀನೇ, ಅನುಮಾನ ಪಡೋನೂ ನೀನೇ. ಯಾವುದಾದ್ರೂ ಒಂದು ಪಾರ್ಟು ಮಾಡಪ್ಪ."

ಮಾರ್ಚ್ 12

ಗುಟ್ಟು ರಟ್ಟಾಯಿತು. ಅದೂ ಅಕ್ಕನ ಬಾಯಲ್ಲೇ, ಹೆಮ್ಮೆಯಿಂದ! ಕ್ಯೂಬಿಗೆ ಹಾಕುವ ಚೂರುಗಳನ್ನು ಭಾವ ಮನೆಗೆ ತಂದು, ಒಂದೊಂದಾಗಿ ಆರಿಸಿ, ತೊಳೆದು, ಬಕೆಟ್ಟಿನಲ್ಲಿ ನೆನೆಸಿಟ್ಟಿದ್ದರಂತೆ. ಮಿಕ್ಕಿದ್ದು ಸ್ಲ್ಯಾಬಿನ ಅಂಚಿಗಷ್ಟೇ ಸಾಕಾಯಿತು; ನಡುವೆಲ್ಲ ಹೋದದ್ದು ಒಣ ಚೂರು. ಹಳೇ ಗಾರೆ ಅಂಟಿಕೊಂಡ ಚೂರು — ಸಿಮೆಂಟಿಗೆ ಸೇರಬೇಕಾದ ನೀರನ್ನೆಲ್ಲ ಗಟಗಟ ಕುಡಿದಿರುತ್ತದೆ. ಕೇಳಿದರೆ ಭಾವ ಬೆಚ್ಚಲೂ ಇಲ್ಲ.

"ಫೋಟೋಗೆ ಅಂತ ಮಗೂಗೆ ತಲೆ ಬಾಚಲ್ವೇನೋ? ನಿನ್ನ ಲ್ಯಾಬಿಗೆ ಹೋಗೋ ಮಾಲು. ನಿನ್ನ ಮರ್ಯಾದೆ ಪ್ರಶ್ನೆ."

ನನ್ನ ಮರ್ಯಾದೆ! ಬೈಯಲೋ, ಕಾಲಿಗೆ ಬೀಳಲೋ ತಿಳಿಯಲಿಲ್ಲ.

ಮಾರ್ಚ್ 17

ಸ್ಲ್ಯಾಬು ಕೊರೆಸಿ ಎರಡು ತುಂಡು ತೆಗೆಸಿದೆ. ಅಂಚಿನದು ಗಟ್ಟಿ. ನಡುವಿನದು ಯಂತ್ರ ಮುಟ್ಟುತ್ತಲೇ ಪುಡಿಪುಡಿ. ಏನೆಂದು ತೀರ್ಪು ಕೊಡಲಿ? ನಾಳೆಯೇ ಕುಸಿಯುತ್ತದೆಯೆ — ಗೊತ್ತಿಲ್ಲ. ಹತ್ತು ಮಳೆಗಾಲ ತಾಳೀತೆ — ಅದೂ ಗೊತ್ತಿಲ್ಲ. ನಾಳೆ ಶಿಶುವಿಹಾರದ ಮೊದಲ ದಿನ ಬೇರೆ. ಸರಿಪಡಿಸುವ ತನಕ ಮಕ್ಕಳನ್ನು ಮೇಲೆ ಬಿಡಬೇಡ ಎಂದು ಅಕ್ಕನಿಗೆ ಹೇಳಿದೆ. ಎಲ್ಲಿಯವರೆಗೆ ಎಂದಳು. ರಿಪೇರಿಯವರನ್ನು ಕೇಳಿ ಹೇಳ್ತೀನಿ ಎಂದು ಫೋನು ಇಟ್ಟೆ.

ಮಾರ್ಚ್ 18, ಮಧ್ಯಾಹ್ನ

ಈಗಷ್ಟೇ ಅಕ್ಕನ ಫೋನು. ದನಿ ಹಗುರಾಗಿತ್ತು.

"ನೀನು ಹೇಳಿದ ಹಾಗೇ ಮಾಡಿದೀನಿ ಕಣೋ. ಮೇಲೆ ಒಬ್ಬರನ್ನೂ ಬಿಟ್ಟಿಲ್ಲ. ಮಕ್ಕಳನ್ನೆಲ್ಲ ಕೆಳಗಡೇನೇ ಮಲಗಿಸಿದೀನಿ."

ನಾನು ಒಳ್ಳೆಯದು ಎಂದೆ. ಫೋನು ಇಟ್ಟೆ. ಬರೆಯಲು ಕೂತೆ.

ಕೆಳಗಡೆ...

ಅದೇ ಸ್ಲ್ಯಾಬಿನ ಕೆಳಗೆ — ಗಾಡಿ ಕೀ ಎಲ್ಲಿ