ಭುಜ ನನ್ನದು, ಗುಂಡೂ ನನ್ನಿಷ್ಟದ್ದೇ

ಅಕ್ಟೋಬರ್ 9, ಗುರುವಾರ

ರಾಯ್ಸಣ್ಣ ಮುನಿಸಿಕೊಂಡಿದ್ದಾನೆ. ಮುನಿಸಿಕೊಳ್ಳಲಿ. ನನ್ನ ಹೊಸ ಸೆಮಿ-ಆಟೋಮ್ಯಾಟಿಕ್ ಬೇಟೆ ಬಂದೂಕನ್ನು ದೊಡ್ಡ .308 ಗುಂಡಿಗೇ ಕಟ್ಟಬೇಕು ಅಂತ ನನ್ನನ್ನು ಒಂದು ಮಾತೂ ಕೇಳದೆ, ಬಂದೂಕು ಕಟ್ಟಿಕೊಡುವ ಹಲ್ಸಿಯವರ ಅಂಗಡಿಯಲ್ಲಿ ಹೇಳಿಬಂದಿದ್ದ. ಇವತ್ತು ಅವನೆದುರಿಗೇ ಅದನ್ನು ಬದಲಿಸಿದೆ.

"ಅದಕ್ಕಿಂತ ಚಿಕ್ಕ 6.5 ಗ್ರೆಂಡೆಲ್ ಗುಂಡಿಗೆ ಕಟ್ಟಿಕೊಡಿ, ಹಲ್ಸಿಯವರೇ."

ಅಣ್ಣ ಗಹಗಹಿಸಿ ನಕ್ಕ. "ಅದು ಅಳಿಲು ಹೊಡೆಯೋಕೆ ಕಣೇ ಡಾರ್ಲಾ! ಜಿಂಕೆ ನಿನ್ನ ನೋಡಿ ನಗುತ್ತೆ."

"ಹೋದ ವರ್ಷ ನಿನ್ನ .308ರಲ್ಲಿ ನಾನು ಹೊಡೆದ ಜಿಂಕೆ ನಗಲಿಲ್ಲ, ಅಣ್ಣ."



ಗುಂಡು ಹಾರುವಾಗ ಬಂದೂಕು ಹಿಂದಕ್ಕೆ ಒದ್ದು, ಆಪರೇಷನ್ ಆದ ಭುಜ ಎಷ್ಟು ನೋಯುತ್ತೋ ಅಂತ ಹೆದರಿ, ಕಣ್ಣು ಮುಚ್ಚಿಕೊಂಡೇ ಟ್ರಿಗರ್ ಎಳೆದಿದ್ದೆ. ಗುಂಡು ಜಿಂಕೆಯ ಹೊಟ್ಟೆಗೆ ಬಿತ್ತು. ಕತ್ತಲಾಗುವವರೆಗೂ ಓಕ್ ಮರಗಳ ನಡುವೆ ರಕ್ತದ ಹನಿ ಹುಡುಕಿಕೊಂಡು ಅಲೆದೆವು. ಸಿಗಲೇ ಇಲ್ಲ. ಎಲ್ಲಿ ಬಿದ್ದು ಎಷ್ಟು ಹೊತ್ತು ನರಳಿತೋ. ದೊಡ್ಡ ಗುಂಡು ಅದಕ್ಕೇನು ಉಪಕಾರ ಮಾಡಿತು?

ಹಲ್ಸಿಯವರು ಮೆಲ್ಲಗೆ ಅಂದರು, "ಗ್ರೆಂಡೆಲ್ ಒದೆಯೋದು ಕಮ್ಮಿ. ಆದ್ರೆ ತೀರಾ ದೂರದ ಹೊಡೆತಕ್ಕೆ ಆಸೆ ಪಡಬೇಡಮ್ಮ."

"ನೂರು ಗಜದೊಳಗೆ ಬರೋವರೆಗೂ ಕಾಯ್ತೀನಿ."

"ಬರದೇ ಹೋದ್ರೆ?" ಅಂದ ಅಣ್ಣ.

"ಬರಿಗೈಲಿ ಮನೆಗೆ ಬರ್ತೀನಿ. ನಿನಗೇನು?"

ಅವನು ಟ್ರಕ್ ಹತ್ತಿ, ನನ್ನನ್ನು ಅಲ್ಲೇ ಬಿಟ್ಟು ಹೋದ. ಹಲ್ಸಿಯವರು ತಮ್ಮದೇ ಗ್ರೆಂಡೆಲ್ ಬಂದೂಕು ತಂದು ನನ್ನ ಕೈಗಿಟ್ಟು, ಅಂಗಡಿಯ ಹಿಂದಿನ ಮಣ್ಣುದಿಬ್ಬದ ಎದುರು ನನ್ನನ್ನು ನಿಲ್ಲಿಸಿದರು. ಮೂರು ಗುಂಡು ಹಾರಿಸಿದೆ. ಮೂರನೆಯದಕ್ಕೆ, ದಿಬ್ಬದ ಮೇಲೆ ಗುರಿಗೆಂದು ಅಂಟಿಸಿದ್ದ ಕಾಗದದಲ್ಲಿ ತೂತು ಬೀಳುವುದನ್ನು ನಾನೇ ನೋಡಿದೆ. ಅಂದರೆ, ಟ್ರಿಗರ್ ಎಳೆಯುವಾಗಲೂ ನನ್ನ ಕಣ್ಣು ತೆರೆದೇ ಇತ್ತು.