ಈಗ ತಾನೇ ಎದ್ದುಹೋದ

೩೨, ಟೆಂಟರ್ ಬೀದಿ
ಬ್ಲ್ಯಾಕ್‌ಬರ್ನ್
೧೪ ಅಕ್ಟೋಬರ್ ೨೦೧೧, ಶುಕ್ರವಾರ

ಪ್ರೀತಿಯ ಮೈದುನ ಕ್ಲಿಫರ್ಡ್‌ಗೆ,

ನೀನೂ ಡೋರೀನೂ ಸಮುದ್ರದ ಗಾಳಿ ಕುಡಿದುಕೊಂಡು ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ಐದು ವಾರವಾಯಿತು. ಕೈನೋವು ಅಂತ ಸುಳ್ಳು ಹೇಳಬಹುದಿತ್ತು. ಕೈ ಸರಿಯಾಗೇ ಇದೆ. ಬರೆಯಲು ಮನಸ್ಸಿರಲಿಲ್ಲ, ಅಷ್ಟೆ. ಹದಿನೈದಕ್ಕೆ ಶಾಲೆ ಬಿಟ್ಟು ಗಿರಣಿಯ ಮಗ್ಗಕ್ಕೆ ನಿಂತವಳು ನಾನು, ತಪ್ಪಿದ್ದರೆ ನೀನೇ ತಿದ್ದಿಕೊಂಡು ಓದು. ಡೋರೀನಳಿಗೆ ಗಟ್ಟಿಯಾಗಿ ಓದಿ ಹೇಳಬೇಡ.

ಬ್ರಾಸ್ ಶಟಲ್ ಪಬ್ಬು ಉಳಿಯಬೇಕೋ, ಒಡೆದು ಫ್ಲಾಟು ಕಟ್ಟಬೇಕೋ ಅಂತ ನಗರಸಭೆಯವರು ಇಪ್ಪತ್ತೆಂಟಕ್ಕೆ ತೀರ್ಮಾನ ಮಾಡುತ್ತಾರೆ ಅಂತ ಬರೆದಿದ್ದೀಯ. ಅದಕ್ಕೆ ಒಂದು ಫಾರಂ ಬೇರೆ ಇಟ್ಟಿದ್ದೀಯ. “ಈ ಕಟ್ಟಡದ ಗುಣಸ್ವಭಾವದ ಬಗ್ಗೆ ನಿಮ್ಮ ಮಾತುಗಳಲ್ಲಿ ತಿಳಿಸಿ” ಅಂತ ಅದರಲ್ಲಿದೆ. ಅಣ್ಣ ನಲವತ್ತು ವರ್ಷ ಕೂತ ಜಾಗ, ಅವನ ಹೆಂಡತಿ ಎರಡು ಸಾಲು ಬರೆದು ಸಹಿ ಹಾಕಿದರೆ ಅದರ ತೂಕವೇ ಬೇರೆ, ಬೀದಿಯಲ್ಲಿ ಉಳಿದಿರುವ ಹಳಬಳು ನೀನೊಬ್ಬಳೇ ಅಂತ ನಿನ್ನ ಮಾತು. ಹಳಬಳು ಅನ್ನುವುದು ನನಗೂ ಗೊತ್ತಿದೆ. ಮೊಣಕಾಲು ದಿನಾ ಹೇಳುತ್ತದೆ.

ಬಟ್ಟೆ ಮುಟ್ಟಿ ನೋಡದೆ ಅದರ ಗುಣ ಹೇಳಿದವಳಲ್ಲ ನಾನು. ಹಾಗಾಗಿ ಮಂಗಳವಾರ ಮಧ್ಯಾಹ್ನ ಹೋಗಿ ನೋಡಿಕೊಂಡೇ ಬಂದೆ. ಪಕ್ಕದ ಮನೆ ಬ್ರೆಂಡಾ ಜೊತೆಗೆ ಬಂದಳು. ಊಟ ಸಿಗುತ್ತದೆ ಅಂದರೆ ಅವಳು ಸ್ಮಶಾನಕ್ಕೂ ಬರುತ್ತಾಳೆ. ನಿಮ್ಮಣ್ಣ ಹೆರಾಲ್ಡ್ ತೀರಿಹೋದ ಮೇಲೆ, ಅಂದರೆ ಹನ್ನೊಂದು ವರ್ಷದಿಂದ, ನಾನು ಆ ಕಡೆ ತಲೆ ಹಾಕಿರಲಿಲ್ಲ.

ಕಟ್ಟಡ ಚೆನ್ನಾಗಿದೆ. ಅದನ್ನು ಇಲ್ಲ ಅನ್ನಲಾರೆ. ಬಾಗಿಲಿನಿಂದ ಒಳಗೆ ಹೋಗುವ ಹಾದಿಯ ಎರಡೂ ಕಡೆ ಆ ಹಸಿರು ಟೈಲ್ಸಿನ ಗೋಡೆ ಈಗ ತಾನೇ ತೊಳೆದ ಹಾಗೆ ಹೊಳೆಯುತ್ತದೆ. ಕೌಂಟರಿನ ಮರಕ್ಕೆ ನೂರಿಪ್ಪತ್ತು ವರ್ಷದಿಂದ ಜನರ ಮೊಣಕೈಯೇ ಪಾಲಿಶು. ಗಾಜಿನ ಮೇಲೆ ಕೊರೆದ ಲಾಳಿ, ಬಳ್ಳಿ, ಎಲ್ಲ ಹಾಗೇ ಇದೆ. ನಮ್ಮ ಇಗರ್ಜಿಗೂ ಇಷ್ಟು ಖರ್ಚು ಮಾಡಿರಲಿಲ್ಲ ಈ ಊರಿನ ಗಿರಣಿ ಮಾಲೀಕರು. ದೇವರಿಗಿಂತ ಬಿಯರಿಗೆ ಜನ ಬರುತ್ತಾರೆ ಅಂತ ಅವರಿಗೆ ಗೊತ್ತಿತ್ತು.

ಮೊದಲು ಬೆಸ್ಟ್ ರೂಮಿನಲ್ಲಿ ಕೂತೆವು. ಆಗ ಹೆಂಗಸರನ್ನು ಬಿಡುತ್ತಿದ್ದದ್ದು ಅದೊಂದೇ ಕೋಣೆಗೆ, ನನಗೆ ಗೊತ್ತಿದ್ದದ್ದೂ ಅದೊಂದೇ. ಶನಿವಾರ ಸಂಜೆ ಹೆರಾಲ್ಡ್ ನನ್ನನ್ನು ಅಲ್ಲಿ ತಂದು ಕೂರಿಸಿ, ಕೈಗೊಂದು ಗ್ಲಾಸು ಕೊಟ್ಟು, “ಐದೇ ನಿಮಿಷ” ಅಂತ ಗಂಡಸರ ಕೋಣೆಗೆ ಹೋಗುತ್ತಿದ್ದ. ಬೇರೆಯವರ ಹೆಂಡತಿಯರೂ ನಾನೂ ಹಾಗೇ ಸಾಲಾಗಿ ಕೂತಿರುತ್ತಿದ್ದೆವು, ದಂತವೈದ್ಯನ ಮನೆಯಲ್ಲಿ ಸರದಿ ಕಾಯುವವರ ಹಾಗೆ. ಗೋಡೆಯಲ್ಲಿ ಗಂಟೆಯ ಗುಂಡಿ ಇತ್ತು. ಒತ್ತಿದರೆ ಗ್ಲಾಸು ತುಂಬಿಸಲು ಬರುತ್ತಿದ್ದರು. ಗಂಡ ಬರುತ್ತಿರಲಿಲ್ಲ.

ಈಗಿನ ಯಜಮಾನನ ಹೆಸರು ಡೀನ್. ಅವನಲ್ಲಿ ಹುಳುಕು ಹುಡುಕಬೇಕು ಅಂತಲೇ ಹೋಗಿದ್ದೆ, ಸಿಗಲಿಲ್ಲ. ಬೆಳಿಗ್ಗೆ ಆ ಬೆಸ್ಟ್ ರೂಮನ್ನು ಎಳೆಮಕ್ಕಳ ತಾಯಂದಿರಿಗೆ ಬಿಟ್ಟುಕೊಡುತ್ತಾನಂತೆ. ಹೋದ ಚಳಿಗಾಲ ಹಿಮ ಬಿದ್ದು ಬೀದಿ ಮುಚ್ಚಿದಾಗ ಮುದುಕರ ಮನೆಮನೆಗೆ ಬಿಸಿ ಸೂಪು ಹೊತ್ತುಕೊಂಡು ಹೋದನಂತೆ. ನನ್ನ ಮನೆಗೂ ಬಂದಿದ್ದ, ಯಾರೋ ಏನೋ ಮಾರಲು ಬಂದಿದ್ದಾರೆ ಅಂತ ನಾನು ಬಾಗಿಲು ತೆಗೆಯಲಿಲ್ಲ. ಬ್ರೆಂಡಾ ತನ್ನ ಕಡುಬು ತಣ್ಣಗಿದೆ ಅಂದಾಗ ತುಟಿ ಪಿಟಕ್ಕೆನ್ನದೆ ತೆಗೆದುಕೊಂಡು ಹೋಗಿ ಬಿಸಿ ಮಾಡಿ ತಂದ. ತಣ್ಣಗಿದೆ ಅನ್ನುವ ಮೊದಲೇ ಅವಳು ಅರ್ಧ ತಿಂದಾಗಿತ್ತು.

ಇಲ್ಲಿವರೆಗೆ ನಿನ್ನ ಫಾರಮ್ಮಿಗೆ ಸಹಿ ಹಾಕುವ ಮನಸ್ಸೇ ಇತ್ತು ಅಂತ ತಿಳಿದುಕೋ.

ಕೈತೊಳೆಯಲು ಎದ್ದು ಹಾದಿಗೆ ಬಂದೆ. ಅಲ್ಲಿ ಗಂಡಸರ ಕೋಣೆಯ ಕಿಂಡಿ ಇದೆಯಲ್ಲ, ಮನೆಗೆ ಬಿಯರ್ ಒಯ್ಯಲು ನಾವು ಹೆಂಗಸರು ಜಗ್ಗು ಹಿಡಿದು ನಿಲ್ಲುತ್ತಿದ್ದ ಕಿಂಡಿ, ಅದರ ಮೇಲೆ ಒಂದು ಹೊಸ ಹಲಗೆ ತೂಗುಹಾಕಿದ್ದಾರೆ. ಕಪ್ಪು ಬಣ್ಣ, ಮೇಲೆ ಬಂಗಾರದ ಅಕ್ಷರ. “ಈಗ ತಾನೇ ಎದ್ದುಹೋದ” ಅಂತ. ಅದೇ ಮಾತು ಅಚ್ಚು ಹಾಕಿದ ಪಾತ್ರೆ ಒರೆಸುವ ಬಟ್ಟೆಗಳೂ ಕೌಂಟರಿನ ಮೇಲೆ ಮಾರಾಟಕ್ಕಿವೆ.

ನಾನು ಅಲ್ಲೇ ನಿಂತುಬಿಟ್ಟೆ. ಕಿಂಡಿಯ ಆಚೆ ಡಾಮಿನೋ ಆಟದ ಬಿಲ್ಲೆ ಹಾಸಿಕೊಂಡು ಆರ್ನಲ್ಡ್ ಡಕ್‌ವರ್ತ್ ಕೂತಿದ್ದ. ಹೆರಾಲ್ಡ್‌ನ ಜೊತೆ ಗಿರಣಿಯ ಬಾಯ್ಲರ್ ಮನೆಯಲ್ಲಿ ಕೆಲಸಕ್ಕಿದ್ದವನು, ನೆನಪಿದೆಯಲ್ಲ. ಹಲ್ಲೆಲ್ಲ ಹೋಗಿದೆ, ನಾಲಿಗೆ ಮಾತ್ರ ಹಾಗೇ ಇದೆ. ನನ್ನನ್ನು ನೋಡಿ ಕೂಗಿದ.

“ಏನ್ ಎಡ್ನಾ, ಗಂಡನ್ನ ಹುಡ್ಕೊಂಡ್ ಬಂದ್ಯಾ? ಸ್ವಲ್ಪ ತಡ ಆಯ್ತು ಕಣೇ.”

ಆಮೇಲೆ ಡೀನ್‌ಗೂ ಅಲ್ಲಿದ್ದ ಇಬ್ಬರು ಎಳೆಯರಿಗೂ ಆ ಹಲಗೆಯ ಪುರಾಣ ಹೇಳಲು ಶುರುಮಾಡಿದ. ಯಾವ ಹೆಂಗಸು ಬಂದು ಕಿಂಡಿಯಲ್ಲಿ ಗಂಡನ ಹೆಸರು ಹೇಳಿದರೂ ಸರಿ, ಕಿಂಡಿಗೆ ಹತ್ತಿರ ಇದ್ದವನು ಹಿಂದೆ ತಿರುಗದೆ “ಈಗ ತಾನೇ ಎದ್ದುಹೋದ” ಅನ್ನಬೇಕು. ಗಂಡ ಅಲ್ಲೇ ಮೊಣಕೈ ದೂರದಲ್ಲಿ ಗ್ಲಾಸು ಹಿಡಿದಿದ್ದರೂ ಸರಿ. ಒಬ್ಬ ಹೊಸಬ ಒಮ್ಮೆ ಬಾಯಿ ತಪ್ಪಿ “ಇಲ್ಲೇ ಇದ್ದಾನಲ್ಲ” ಅಂದನಂತೆ, ಒಂದು ತಿಂಗಳು ಅವನ ಜೊತೆ ಯಾರೂ ಡಾಮಿನೋ ಆಡಲಿಲ್ಲವಂತೆ. ಹೆಂಗಸು ಗಂಡ ದಾರಿಯಲ್ಲಿದ್ದಾನೆ ಅಂತ ಮನೆಗೆ ಓಡಬೇಕು, ಇವರು ಇನ್ನೊಂದು ಸುತ್ತು ಕುಡಿಯಬೇಕು. ನಿನ್ನ ಗಂಡ ಅದರಲ್ಲಿ ಎತ್ತಿದ ಕೈ ಅಂತ ನನ್ನ ಕಡೆ ಬೆರಳು ತೋರಿಸಿದ. ಎಳೆಯರು ಬಿದ್ದುಬಿದ್ದು ನಕ್ಕರು. ನನ್ನ ಹಿಂದೆಯೇ ಎದ್ದು ಬಂದಿದ್ದ ಬ್ರೆಂಡಾ ಕೂಡ ನಕ್ಕಳು, ಬಾಯಲ್ಲಿ ಕಡುಬು ಇಟ್ಟುಕೊಂಡು.

ನಾನು ಡೀನ್‌ಗೆ ಆ ಹಲಗೆ ತೆಗಿ ಅಂದೆ. ಅವನು ತಮಾಷೆ ಅಂದುಕೊಂಡ. ಇನ್ನೊಂದು ಸಲ ಹೇಳಿದೆ.

“ಯಾಕಮ್ಮಾ, ಬೇಜಾರಾಯ್ತಾ? ಜನಕ್ಕೆ ಭಾಳ ಇಷ್ಟ ಅದು. ಕೆಳಗೆ ನಿಂತ್ಕೊಂಡು ಫೋಟೋ ತಗೋತಾರೆ.”

“ಯಾವ ಜನ?”

“ಹೆಂಗಸ್ರೇ ಜಾಸ್ತಿ.”

ಅವನನ್ನು ಬೈಯಲು ಮನಸ್ಸಾಗಲಿಲ್ಲ. ಅವನು ಹುಟ್ಟುವ ಮೊದಲಿನ ಮಾತು ಇದೆಲ್ಲ. ಮನೆಯ ಅಟ್ಟದಲ್ಲಿ ಸಿಕ್ಕ ಹಳೇ ಬಂದೂಕನ್ನು ಗೋಡೆಗೆ ಹಾಕಿಕೊಂಡವನ ಹಾಗೆ ಇವನು. ಅದರಿಂದ ಯಾರಿಗೆ ಏಟು ಬಿದ್ದಿತ್ತು ಅಂತ ಅವನಿಗೇನು ಗೊತ್ತು.

ಕೋಪ ಬಂದಾಗ ನನಗೆ ಸುಮ್ಮನಿರಲು ಬರುವುದಿಲ್ಲ, ನಿನಗೇ ಗೊತ್ತು. ಸೀದಾ ಗಂಡಸರ ಕೋಣೆಯ ಒಳಗೆ ಹೋಗಿ ಆರ್ನಲ್ಡ್‌ನ ಎದುರು ಕೂತೆ. ಎಪ್ಪತ್ತೇಳು ವರ್ಷಕ್ಕೆ ಮೊದಲ ಸಲ. ಹೆಂಗಸರನ್ನು ಬಿಡಬಾರದು ಅನ್ನುವ ನಿಯಮ ಹೋಗಿ ಎಷ್ಟು ಕಾಲವಾಯಿತೋ, ನಾನು ಮಾತ್ರ ಹೋಗಿರಲಿಲ್ಲ. ಅರ್ಧ ಗ್ಲಾಸು ಕಪ್ಪು ಬಿಯರ್ ತರಿಸಿ ಕುಡಿದೆ. ರುಚಿಯಾಗಿತ್ತು, ಅದನ್ನೂ ಬರೆದುಬಿಡುತ್ತೇನೆ. ಕೋಣೆ ನಮ್ಮ ಅಡುಗೆಮನೆಗಿಂತ ಒಂದು ಮಾರು ದೊಡ್ಡದಿರಬಹುದು. ಹೊಗೆ ಹಿಡಿದ ಕಂದು ಗೋಡೆ, ಸುತ್ತ ಗಟ್ಟಿ ಬೆಂಚು, ಒಂದು ಒಲೆ. ಒಳಗೆ ಏನೋ ರಾಜ್ಯ ಇದೆ ಅಂದುಕೊಂಡಿದ್ದೆ ನಾನು. ಇಷ್ಟಕ್ಕಾ, ಕ್ಲಿಫರ್ಡ್?

ಆರ್ನಲ್ಡ್ ಬಿಲ್ಲೆಗಳನ್ನು ಒಂದು ಕಡೆ ಸರಿಸಿದ. ಆಮೇಲೆ ಹೆರಾಲ್ಡ್ ಒಳ್ಳೆಯವನು ಎಡ್ನಾ, ಗೆಳೆಯರನ್ನು ಎಂದೂ ಬಿಟ್ಟುಕೊಟ್ಟವನಲ್ಲ ಅಂದ. ಹೌದು, ಗೆಳೆಯರನ್ನು ಬಿಟ್ಟುಕೊಡಲಿಲ್ಲ ಅಂದೆ. ಅವನಿಗೆ ಅರ್ಥವಾಗಲಿಲ್ಲ. ನಿನಗಾದರೆ ಆಗುತ್ತದೆ.

ಫಾರಂ ಈ ಕಾಗದದ ಜೊತೆಗೇ ಇದೆ. ಸಹಿ ಹಾಕಿಲ್ಲ. ಅದನ್ನು ಒಡೆಯಲಿ ಅಂತ ನಾನು ಎಲ್ಲೂ ಹೇಳುವುದಿಲ್ಲ. ಎಳೆಮಕ್ಕಳ ತಾಯಂದಿರು ಎಲ್ಲಿಗೆ ಹೋಗುತ್ತಾರೆ, ಆರ್ನಲ್ಡ್ ಎಲ್ಲಿಗೆ ಹೋಗುತ್ತಾನೆ. ನಿಲ್ಲಲಿ. ನನ್ನ ಹೆಸರಿಲ್ಲದೆ ನಿಲ್ಲಲಿ. ಗುಣಕ್ಕೆ ಸಾಕ್ಷಿ ಹೇಳು ಅಂದರೆ ಮಾತ್ರ ಈ ಕೈಯಿಂದ ಆಗದು.

ಡೋರೀನಳಿಗೆ ಕಾಲು ಬೆಚ್ಚಗಿಟ್ಟುಕೊಳ್ಳಲು ಹೇಳು. ನೀನು ಆ ಸಮುದ್ರದ ಗಾಳಿಯಲ್ಲಿ ಟೊಪ್ಪಿಯಿಲ್ಲದೆ ಓಡಾಡಬೇಡ, ನಿಮ್ಮ ವಂಶಕ್ಕೇ ಎದೆ ಮೆತ್ತಗೆ. ದೇವರು ನಿಮ್ಮಿಬ್ಬರನ್ನೂ ಒಂದೇ ಸೂರಿನಡಿ ಇನ್ನೂ ಬಹಳ ಕಾಲ ಇಟ್ಟಿರಲಿ.

ನಿನ್ನ ಅತ್ತಿಗೆ,
ಎಡ್ನಾ ಹಿಂಡಲ್

ಮರೆತ ಮಾತು: ಮರೆತದ್ದೇನಲ್ಲ. ಲಕೋಟೆ ಅಂಟಿಸಿದ್ದೆ, ಮತ್ತೆ ಕಿತ್ತೆ.

ಐವತ್ತೊಂಬತ್ತರ ಮಾರ್ಚಿನ ಆ ಶನಿವಾರ ಕಿಂಡಿಗೆ ಹತ್ತಿರ ಇದ್ದವನು ನೀನು. ಮಧ್ಯಾಹ್ನ ಹನ್ನೆರಡೂವರೆ. ನಾನು ಏಳು ತಿಂಗಳ ಬಸುರಿ, ಮನೆಯ ಚಪ್ಪಲಿಯಲ್ಲೇ ಬಂದಿದ್ದೆ. ನೋವು ಶುರುವಾಗಿದೆ ಅಂತ ಗಂಡಸರ ಮುಂದೆ ಬಾಯಿಬಿಟ್ಟು ಹೇಳುವ ಕಾಲವಲ್ಲ ಅದು. ಹೆರಾಲ್ಡ್ ಇದ್ದಾನಾ ಅಂತಷ್ಟೇ ಕೇಳಿದೆ. ನೀನು ತಿರುಗದೆಯೇ ಆ ಮಾತು ಹೇಳಿದೆ. ನಾನು ಹೋದೆ. ಅಡುಗೆಮನೆಯ ನೆಲದ ಮೇಲೆ ಒಬ್ಬಳೇ ಹೆತ್ತೆ. ಗಂಡು. ಮೂರು ಗಂಟೆಗೆ ಪಬ್ಬು ಮಧ್ಯಾಹ್ನಕ್ಕೆ ಮುಚ್ಚಿದ ಮೇಲೆ ಹೆರಾಲ್ಡ್ ಬರುವ ಹೊತ್ತಿಗೆ ಮಗು ತಣ್ಣಗಾಗಿತ್ತು.

ನಿನ್ನ ಮಾತು ನಂಬಿ ನಾನು ಮನೆಗೆ ಹೋದೆ ಅಂತ ಐವತ್ತೆರಡು ವರ್ಷದಿಂದ ನೀನು ಅಂದುಕೊಂಡಿದ್ದೀಯ. ಪ್ರತಿ ಕ್ರಿಸ್‌ಮಸ್ಸಿಗೆ ತಪ್ಪದೆ ಹಂದಿಮಾಂಸ ಕಳಿಸುವುದು ಯಾಕೆ ಅಂತ ನನಗೆ ತಿಳಿಯದೆ ಇಲ್ಲ. ಸಾಕು, ಇನ್ನು ಕಳಿಸಬೇಡ. ಮಗ್ಗದ ಸದ್ದಿನಲ್ಲಿ ಕಿವಿ ಕೆಲಸಕ್ಕೆ ಬರುವುದಿಲ್ಲ, ನಾವು ನೇಯುವ ಹೆಂಗಸರು ತುಟಿ ನೋಡಿಯೇ ಮಾತು ಕೇಳಿಸಿಕೊಳ್ಳುತ್ತಿದ್ದೆವು. ಕೌಂಟರಿನ ಹಿಂದಿನ ಕನ್ನಡಿಯಲ್ಲಿ ಹೆರಾಲ್ಡ್ ಕಾಣುತ್ತಿದ್ದ. “ಹೋದ ಅನ್ನು” ಅಂತ ಅವನ ತುಟಿ ನಿನಗೆ ಹೇಳಿದ್ದನ್ನು ನೋಡಿದೆ. ನೀನು ಬಾಯಿ ಬಿಟ್ಟದ್ದು ಆಮೇಲೆ.

ಅವನು ಒಳಗಿದ್ದಾನೆ ಅಂತ ಗೊತ್ತಿದ್ದೇ ತಿರುಗಿ ಹೋದೆ, ಕ್ಲಿಫರ್ಡ್. ಹೆಂಡತಿ ಒಳಗೆ ಬಂದಳು ಅಂತ ಅವನನ್ನು ನಾಲ್ಕು ಜನ ಆಡಿಕೊಳ್ಳುತ್ತಾರಲ್ಲ ಅಂತ. ಅವನ ಮರ್ಯಾದೆ ಉಳಿಸಿದೆ. ಅವನು ಸಾಯುವವರೆಗೂ ಇದನ್ನು ಅವನಿಗೂ ಹೇಳಲಿಲ್ಲ. ಆ ಕೋಣೆಯ ಬಾಗಿಲಿಗೆ ಒಳಗಿನಿಂದ ಅಗುಳಿ ಇರುತ್ತದೆ, ಹೋಗಿದ್ದರೂ ತೆರೆಯುತ್ತಿರಲಿಲ್ಲ ಅಂತ ನನಗೆ ನಾನೇ ಹೇಳಿಕೊಂಡು ಬಂದಿದ್ದೆ.

ಮಂಗಳವಾರ ನೋಡಿದೆ. ಅದಕ್ಕೆ ಅಗುಳಿಯೂ ಇಲ್ಲ, ಚಿಲಕವೂ ಇಲ್ಲ, ಹಿಂದೆ ಇದ್ದ ಗುರುತೂ ಇಲ್ಲ. ಬೆರಳಲ್ಲಿ ತಳ್ಳಿದರೆ ಸಾಕು.