ಯಾರದೂ ಆಕ್ಷೇಪ ಇಲ್ಲವಂತೆ

ಶ್ರೀನಾಥ ಸರ್‌ಗೆ,
ತದಡಿಯಿಂದ ದಿವ್ಯಶ್ರೀಯ ನಮಸ್ಕಾರ.

ನಮ್ಮ ಇಂಜಿನಿಯರ್‌ಗಳ ಮೇಲಿಂಗ್ ಲಿಸ್ಟಿನಲ್ಲಿ ನೀವು ಬರೆದ ಒಂದು ಸಾಲನ್ನೂ ನಾನು ಓದದೆ ಬಿಟ್ಟವಳಲ್ಲ. ಅದಕ್ಕೇ ಸಿಟ್ಟು ಹೆಚ್ಚು. ಫೋನಿನಿಂದ ಉತ್ತರ ತಡವಾದ್ರೆ ನಮ್ಮ ಸರ್ವರ್ ಹತ್ತೇ ಸೆಕೆಂಡಿಗೆ ಸಂಪರ್ಕ ಕತ್ತರಿಸ್ಲಿ, "ಅಷ್ಟು ನಿಧಾನದ ನೆಟ್ ಈಗ ಯಾರ ಹತ್ರ ಇದೆ" ಅಂದ್ರಿ. ನನ್ನ ಅಪ್ಪನ ಬೋಟಿನಲ್ಲಿದೆ. ಗಾಳಿಯ ಎಚ್ಚರಿಕೆ ಅವರ ಫೋನಿಗೆ ಅರ್ಧ ನಿಮಿಷ ತಿಣುಕಿ ಬರ್ತದೆ. ಕತ್ತರಿಸಿದ್ರೆ ಬರೋದೇ ಇಲ್ಲ.

ಶುಕ್ರವಾರದೊಳಗೆ ಆಕ್ಷೇಪ ಕಳಿಸಿ ಅಂದಿದ್ರಿ. ಗುರುವಾರವೇ ಕಳಿಸಿದೆ. ಇಲ್ಲಿ ನೆಟ್ ಸತ್ತು, ಮೇಲ್ ಹೊರಟದ್ದು ಶನಿವಾರ. ಅಷ್ಟರಲ್ಲಿ "ಯಾರದೂ ಆಕ್ಷೇಪ ಇಲ್ಲ, ತೀರ್ಮಾನ ಆಯ್ತು" ಅಂತ ಬರೆದುಬಿಟ್ರಿ. ಇದು ಎಂತ ನ್ಯಾಯ ಸರ್?

ಆ ತೀರ್ಮಾನ ತಡೆಹಿಡೀರಿ. ಈ ಸಲ ಅಂಚೆಗೆ ಹಾಕ್ತಾ ಇದ್ದೇನೆ. ತಡವಾಯ್ತು ಅಂತ ಪೋಸ್ಟ್‌ಮ್ಯಾನ್ ಇದನ್ನ ದಾರಿಯಲ್ಲಿ ಬಿಸಾಡೋದಿಲ್ಲ.

ಇನ್ನೂ ನಿಮ್ಮ ಅಭಿಮಾನಿಯೇ,
ದಿವ್ಯಶ್ರೀ